ಡಿಸೆಂಬರ್‌ನ ಮೂರು ವಾರ: ನಕ್ಷತ್ರ, ಗೋದಲಿ, ಕ್ಯಾರಲ್ ತಯಾರಿಯನ್ನು ಪಾಠದ ಜೊತೆಗೇ ಸೇರಿಸುವುದು ಹೇಗೆ?

ಕಡಲಬದಿ ಟೀಚರ್ (ಪ್ರಶ್ನೆ)

ನಮ್ಮದು ದಕ್ಷಿಣ ಕನ್ನಡದ ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆ, ಚರ್ಚ್ ಆಡಳಿತದ್ದು. ಈ ವರ್ಷ ಕ್ರಿಸ್ಮಸ್ ತಯಾರಿ 8 ಮತ್ತು 9ನೇ ತರಗತಿಯ ಪಾಲಿಗೆ ಬಂದಿದೆ. ಎರಡೂ ಸೇರಿ ಸುಮಾರು 70 ಮಕ್ಕಳು. ಕ್ರೈಸ್ತ ಮಕ್ಕಳು ಕಾಲು ಭಾಗ, ಉಳಿದವರು ಹಿಂದೂ ಮತ್ತು ಮುಸ್ಲಿಂ ಮಕ್ಕಳು. ಡಿಸೆಂಬರ್ 1ರಿಂದ 20ರ ತನಕ ದಿನವೂ ಕೊನೆಯ ಪೀರಿಯಡ್ 40 ನಿಮಿಷ ಸಿಗುತ್ತದೆ. ವಾರ್ಷಿಕೋತ್ಸವ, ಎಫ್‌ಎ-3 (ಮೂರನೇ ರೂಪಣಾತ್ಮಕ ಮೌಲ್ಯಮಾಪನ) ಎರಡೂ ಅದೇ ಹೊತ್ತಿಗೆ ಇವೆ.

ಅಂಗಡಿಯ ನಕ್ಷತ್ರ ತಂದು ತೂಗುಹಾಕಿದರೆ ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಆದರೆ ಮಕ್ಕಳ ಕೈಗೂ ತಲೆಗೂ ಏನೂ ಸಿಗುವುದಿಲ್ಲ. ಮಕ್ಕಳೇ ಮಾಡುವಂಥ ನಕ್ಷತ್ರಕ್ಕೆ ಸರಿಯಾದ ಅಳತೆ ಬೇಕು. ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹಸಿರು ಕಾರ್ಯಕ್ರಮದ ದಿನಕ್ಕೆ ಸರಿಯಾಗಿ ಬರಬೇಕು. ಕ್ಯಾರಲ್ (ಕ್ರಿಸ್ಮಸ್ ಹಾಡು) ಮತ್ತು ತಿಂಡಿ ಹಂಚುವ ವಿಷಯದಲ್ಲಿ ಯಾವುದಕ್ಕೆ ಎಚ್ಚರ ಬೇಕು ಎಂಬುದನ್ನೂ ತಿಳಿದವರು ಹೇಳಿ.

ತ್ರಿಜ್ಯ

ಟೀಚರ್, ನಕ್ಷತ್ರದಿಂದಲೇ ಶುರು ಮಾಡಿ. ಅದನ್ನು ಗಣಿತದ ಎಫ್‌ಎ-3 ಚಟುವಟಿಕೆಯಾಗಿಯೇ ಇಟ್ಟುಕೊಂಡರೆ ಬೇರೆ ಸಮಯ ಹುಡುಕಬೇಕಾಗಿಲ್ಲ. ಇದು ಹೊಸ ಉಪಾಯವೂ ಅಲ್ಲ. ಜರ್ಮನಿಯ ನೀಸ್ಕಿ ಊರಿನಲ್ಲಿ ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದ ಶಾಲೆಯಲ್ಲಿ 1830ರ ದಶಕದಲ್ಲಿ ಹುಡುಗರಿಗೆ ರೇಖಾಗಣಿತ ಕಲಿಸಲೆಂದೇ ಕಾಗದದ ನಕ್ಷತ್ರ ಮಾಡಿಸುತ್ತಿದ್ದರು. ಇವತ್ತು ಲೋಕವೆಲ್ಲ ತೂಗುಹಾಕುವ ಮೊರೇವಿಯನ್ ನಕ್ಷತ್ರದ ಮೂಲ ಆ ತರಗತಿಯೇ.

8ನೇ ತರಗತಿಗೆ ಬಿದಿರಿನ ಐದು ಮೂಲೆಯ ನಕ್ಷತ್ರ ಸಾಕು. ನಿಮ್ಮ ಮಕ್ಕಳು ದೀಪಾವಳಿಗೆ ಗೂಡುದೀಪ ಕಟ್ಟಿದವರೇ, ಕೈ ಪಳಗಿರುತ್ತದೆ. ಒಂದು ನಕ್ಷತ್ರಕ್ಕೆ 62 ಸೆಂ.ಮೀ. ಉದ್ದದ, ಬೆರಳಗಲಕ್ಕಿಂತ ಕಿರಿದಾದ 10 ಬಿದಿರ ಸೀಳು, 5 ಗಿಡ್ಡ ಕಡ್ಡಿ, ನೂಲಿನ ಹುರಿ, 20×30 ಇಂಚಿನ ತೆಳು ಬಣ್ಣದ ಹಾಳೆ ಎರಡು. ಹರಿದರೆ ಇರಲಿ ಎಂದು ಇನ್ನೊಂದು ಹಾಳೆ ಹೆಚ್ಚಿಗೆ ತನ್ನಿ.

ಪ್ರತಿ ಸೀಳಿನ ಎರಡೂ ತುದಿಯಿಂದ 1 ಸೆಂ.ಮೀ. ಮತ್ತು 24 ಸೆಂ.ಮೀ.ಗೆ ಪೆನ್ಸಿಲ್ ಗುರುತು ಹಾಕಿಸಿ. 1ರ ಗುರುತು ತುದಿ ಕಟ್ಟುವ ಜಾಗ, 24ರ ಗುರುತು ಸೀಳುಗಳು ಒಂದನ್ನೊಂದು ದಾಟುವ ಜಾಗ. ನೆಲದ ಮೇಲೆ 31.5 ಸೆಂ.ಮೀ. ತ್ರಿಜ್ಯದ ವೃತ್ತ ಬರೆದು, ಕೋನಮಾಪಕದಿಂದ 72 ಡಿಗ್ರಿಗೊಂದರಂತೆ ಐದು ಬಿಂದು ಗುರುತಿಸಿ, ಒಂದು ಬಿಂದು ಬಿಟ್ಟು ಇನ್ನೊಂದಕ್ಕೆ ಸೀಳು ಇಡಬೇಕು. ದಾಟುವಲ್ಲಿ ಒಂದರ ಮೇಲೆ, ಮುಂದಿನದರ ಕೆಳಗೆ ಎಂದು ಹೆಣೆಯುತ್ತ ಹೋದರೆ ಚೌಕಟ್ಟು ಅಲುಗುವುದಿಲ್ಲ. ಇಂಥ ಎರಡು ಚೌಕಟ್ಟು ಮಾಡಿ, ಒಂದರ ಮೇಲೊಂದು ಇಟ್ಟು, ಐದೂ ತುದಿಗಳನ್ನು ಬಿಗಿಯಾಗಿ ಕಟ್ಟಿ. ಆಮೇಲೆ ಒಳಗಿನ ಐದು ದಾಟುಗಳಲ್ಲಿ ಗಿಡ್ಡ ಕಡ್ಡಿ ನಿಲ್ಲಿಸಿದರೆ ನಕ್ಷತ್ರ ಉಬ್ಬುತ್ತದೆ.

ಗಿಡ್ಡ ಕಡ್ಡಿಯ ಎರಡೂ ತುದಿಗೆ ವಿ ಆಕಾರದ ಕಚ್ಚು ಬೇಕು. ಕಚ್ಚಿನಿಂದ ಕಚ್ಚಿಗೆ 14 ಸೆಂ.ಮೀ. ಇರಲಿ. ಅಷ್ಟೇ ಏಕೆ ಎಂದರೆ, ಒಳಗಿನ ಪಂಚಭುಜದ ಬಾಹುವೂ 14 ಸೆಂ.ಮೀ.ಯೇ. ಎರಡೂ ಒಂದೇ ಆದಾಗ ಎದುರಿನ, ಹಿಂದಿನ, ಪಕ್ಕದ ತ್ರಿಕೋನಗಳೆಲ್ಲ ಒಂದೇ ಅಳತೆಯವಾಗುತ್ತವೆ: 23, 23, 14. ಒಂದೇ ರಟ್ಟಿನ ಅಚ್ಚಿನಿಂದ 20 ತ್ರಿಕೋನ ಕತ್ತರಿಸಬಹುದು. ಸುತ್ತ 1.5 ಸೆಂ.ಮೀ. ಅಂಟಿನ ಅಂಚು ಬಿಡಿ, ಚೂಪು ತುದಿಯ ಅಂಚನ್ನು ಮೊಂಡಾಗಿ ಕತ್ತರಿಸಿ. ಹಾಳೆಯ ಮೇಲೆ ತ್ರಿಕೋನಗಳನ್ನು ಒಂದು ನೆಟ್ಟಗೆ, ಒಂದು ತಲೆಕೆಳಗೆ ಇಡಿಸಿದರೆ ಎರಡೇ ಹಾಳೆಯಲ್ಲಿ 20 ತ್ರಿಕೋನವೂ 2 ಪಂಚಭುಜವೂ ಸಿಗುತ್ತವೆ.

ಪಾಠ ಇರುವುದು ಗುರುತು ಹಾಕುವ ಹಂತದಲ್ಲಿ. 24 ಎಂದು ಮೊದಲೇ ಹೇಳಿಬಿಡಬೇಡಿ. ನೆಲದ ಮೇಲೆ ದಾರ ಹಿಡಿದು ನಕ್ಷತ್ರ ಎಳೆಸಿ, ಅಳೆಯಲಿ. ತುದಿಯಿಂದ ತುದಿಗೆ 60, ತುದಿಯಿಂದ ದೂರದ ದಾಟಿಗೆ 37, ಹತ್ತಿರದ ದಾಟಿಗೆ 23, ನಡುವಿನದು 14 ಬರುತ್ತದೆ. 60ನ್ನು 37ರಿಂದ, 37ನ್ನು 23ರಿಂದ, 23ನ್ನು 14ರಿಂದ ಭಾಗಿಸಿದರೆ ಮೂರು ಸಲವೂ 1.6ರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಸುವರ್ಣ ಅನುಪಾತವನ್ನು ಮಕ್ಕಳೇ ಕಂಡುಕೊಳ್ಳಲಿ. ತುದಿಯ ಕೋನ 36 ಡಿಗ್ರಿ, ಐದೂ ಸೇರಿ 180. ಅದನ್ನೂ ಅಳೆಸಿ.

ಕೆಡುವುದು ಎಲ್ಲಿ? ಹಸಿ ಬಿದಿರು ಒಣಗುತ್ತ ಕುಗ್ಗಿ ಕಟ್ಟು ಸಡಿಲವಾಗುತ್ತದೆ, ಹಾಗಾಗಿ ಸೀಳು ವಾರ ಮೊದಲೇ ಸಿಗಿಸಿಡಿ. ತೀರ ಒಣಗಿದ್ದರೆ ಉಬ್ಬಿಸುವಾಗ ಚಟಕ್ಕನೆ ಮುರಿಯುತ್ತದೆ, ಅಂಥದ್ದನ್ನು ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿ. ಎರಡು ಚೌಕಟ್ಟುಗಳ ಅಳತೆ ಅರ್ಧ ಸೆಂ.ಮೀ. ವ್ಯತ್ಯಾಸವಾದರೂ ನಕ್ಷತ್ರ ತಿರುಚಿಕೊಳ್ಳುತ್ತದೆ. ಮೈದಾ ಅಂಟಿಗೆ ಜಿರಳೆ, ಇಲಿ ಬರುತ್ತವೆ. ಫೆವಿಕಾಲ್ ಎರಡು ಪಾಲು, ನೀರು ಒಂದು ಪಾಲು ಕಲಸಿ ತೆಳ್ಳಗೆ ಸವರಿ.

ಬಲ್ಬ್ 3ರಿಂದ 5 ವ್ಯಾಟಿನ ಎಲ್‌ಇಡಿ ಮಾತ್ರ. ನಕ್ಷತ್ರದ ಹೊಟ್ಟೆಯ ಆಳವೇ 14 ಸೆಂ.ಮೀ., ಬಲ್ಬಿನಿಂದ ಕಾಗದಕ್ಕೆ ಮೂರು ನಾಲ್ಕು ಬೆರಳಷ್ಟೇ ದೂರ ಉಳಿಯುತ್ತದೆ. ಹಳೆಯ ಫಿಲಮೆಂಟ್ ಬಲ್ಬ್ ಹಾಕಿದರೆ ಕಾಗದ ಸುಟ್ಟೀತು. ಹಿಂಬದಿಯ ಪಂಚಭುಜದ ಒಂದು ಬಾಹುವಿಗೆ ಅಂಟು ಹಾಕದೆ ಬಿಟ್ಟರೆ ಬಲ್ಬ್ ಬದಲಿಸಲು ಬಾಗಿಲಾಗುತ್ತದೆ.

9ನೇ ತರಗತಿಗೆ ನೀಸ್ಕಿಯ ನಕ್ಷತ್ರವನ್ನೇ ಕೊಡಿ. ಅದರ ಗರ್ಭದಲ್ಲಿ 18 ಚೌಕ, 8 ತ್ರಿಕೋನ, ಒಟ್ಟು 26 ಮುಖಗಳ ಘನಾಕೃತಿ ಇದೆ. ಮುಖ 26, ಶೃಂಗ 24, ಅಂಚು 48. ಆಯ್ಲರ್ ಸೂತ್ರ (ಮುಖ + ಶೃಂಗ − ಅಂಚು = 2) ತಾಳೆ ನೋಡಲು ಇದಕ್ಕಿಂತ ಚೆಂದದ ಉದಾಹರಣೆ ಬೇಕಿಲ್ಲ. ಮೇಲಿನ ಒಂದು ಚೌಕ ತೂಗುಹಾಕಲು, ಬಲ್ಬಿಗೆ. ಉಳಿದ 17 ಚೌಕಕ್ಕೆ ನಾಲ್ಕು ಬದಿಯ ಕೊಂಬು, 8 ತ್ರಿಕೋನಕ್ಕೆ ಮೂರು ಬದಿಯ ಕೊಂಬು, ಒಟ್ಟು 25. ಬುಡದ ಬಾಹು ಎಲ್ಲಕ್ಕೂ 6 ಸೆಂ.ಮೀ., ಓರೆ ಅಂಚು 18 ಇಟ್ಟರೆ ನೋಟ ಚೆನ್ನ. ಮಗುವಿಗೊಂದು ಕೊಂಬು ಹಂಚಿದರೆ ಸುಮಾರು ಇಡೀ ತರಗತಿಗೇ ಕೆಲಸ. ಎಲ್ಲರೂ ಒಂದೇ ರಟ್ಟಿನ ಅಚ್ಚು ಇಟ್ಟು ಗೆರೆ ಎಳೆಯಬೇಕು. ಸೊಂಟದ ಸುತ್ತ ಎಂಟು ಚೌಕ ಬರುವುದರಿಂದ ಒಂದೊಂದರಲ್ಲಿ 1 ಮಿ.ಮೀ. ಹೆಚ್ಚಾದರೆ ಕೊನೆಯದು ಕೂರುವುದೇ ಇಲ್ಲ. ಅಂಟಿಸುವ ಮೊದಲು ಪೇಪರ್ ಕ್ಲಿಪ್ ಹಾಕಿ ಪೂರ್ತಿ ಜೋಡಿಸಿ ನೋಡಿ.

ಬೈಹುಲ್ಲು

ಗೋದಲಿಯ ಹಸಿರಿಗೆ ಲೆಕ್ಕವನ್ನು ಕಾರ್ಯಕ್ರಮದ ದಿನದಿಂದ ಹಿಂದಕ್ಕೆ ಹಾಕಬೇಕು. 20ಕ್ಕೆ ಕಾರ್ಯಕ್ರಮ ಎಂದಾದರೆ:

ಭತ್ತ: 8ನೇ ತಾರೀಕು ನೆನೆಹಾಕಿ, 9ಕ್ಕೆ ನೀರು ಬಸಿದು ಗೋಣಿಯಲ್ಲಿ ಕಟ್ಟಿಡಿ, ಮೊಳಕೆ ಇಣುಕಿದ ಮೇಲೆ 10 ಅಥವಾ 11ಕ್ಕೆ ಟ್ರೇಗೆ ಹಾಕಿ. 30×45 ಸೆಂ.ಮೀ. ಟ್ರೇಗೆ 100 ಗ್ರಾಂ ಸಾಕು.
ರಾಗಿ: 10ಕ್ಕೆ ನೇರ ಬಿತ್ತನೆ, ಅದೇ ಟ್ರೇಗೆ 30 ಗ್ರಾಂ, ಮೇಲೆ ಮಣ್ಣು ಉದುರಿಸಿದಂತೆ ಮಾತ್ರ.
ಸಾಸಿವೆ: 14 ಅಥವಾ 15ಕ್ಕೆ. ಮೊದಲೇ ಹಾಕಿದರೆ ಕಾರ್ಯಕ್ರಮದ ಹೊತ್ತಿಗೆ ಬಾಗಿ ಬೀಳುತ್ತದೆ.

ಹಸಿರು ದಟ್ಟವಾಗಲಿ ಎಂದು ಬೀಜ ಒತ್ತೊತ್ತಾಗಿ ಸುರಿಯುವುದೇ ಎಲ್ಲ ಕಡೆ ಆಗುವ ತಪ್ಪು. ನಡುವೆ ಗಾಳಿಯಾಡದೆ ಮೂರನೇ ದಿನಕ್ಕೆ ಬಿಳಿ ಬೂಷ್ಟು ಹಿಡಿಯುತ್ತದೆ. ಟ್ರೇಯ ತಳಕ್ಕೆ ತೂತು ಇರಲಿ, ನೀರನ್ನು ಕೈಯಲ್ಲಿ ಚಿಮುಕಿಸಿ, ಎರಡನೇ ದಿನದಿಂದ ಬಿಸಿಲು ಬೀಳುವ ವರಾಂಡದಲ್ಲಿಡಿ. ಒಂದು ಟ್ರೇಯನ್ನು ಮಾತ್ರ ರಟ್ಟಿನ ಪೆಟ್ಟಿಗೆ ಮುಚ್ಚಿ ಕತ್ತಲಲ್ಲಿಡಿ. ಅದರ ಸಸಿ ಉದ್ದಕ್ಕೆ, ಹಳದಿಯಾಗಿ, ನಿಲ್ಲಲಾರದೆ ಬೆಳೆಯುತ್ತದೆ. ಮಕ್ಕಳು ದಿನವೂ ಸ್ಕೇಲ್ ಹಿಡಿದು ಎರಡನ್ನೂ ಅಳೆದು ಪಟ್ಟಿ ಬರೆದರೆ ವಿಜ್ಞಾನದ ಚಟುವಟಿಕೆಯೂ ಆಯಿತು.

ಕಟ್ಟುವುದಕ್ಕೆ ಥರ್ಮಾಕೋಲ್ ಬೇಡ. ಬೈಹುಲ್ಲು, ಅಡಿಕೆ ಹಾಳೆ, ಕೆಂಪು ಮಣ್ಣು, ಗೋಣಿ ನಮ್ಮಲ್ಲೇ ಇದೆ. ಗೋಣಿಯನ್ನು ತೆಳು ಕೆಸರಲ್ಲಿ ಅದ್ದಿ ಕಲ್ಲುಗಳ ಮೇಲೆ ಹೊದೆಸಿ ಒಣಗಿಸಿದರೆ ಗುಡ್ಡದ ಆಕಾರ ಗಟ್ಟಿಯಾಗಿ ನಿಲ್ಲುತ್ತದೆ. ಬೊಂಬೆಗಳ ಎತ್ತರ ಮೊದಲು ಅಳೆದು ಆಮೇಲೆ ಗುಡಿಸಲು ಕಟ್ಟಿ. 30 ಸೆಂ.ಮೀ. ಜೋಸೆಫರಿಗೆ ಬಾಗಿಲು 40 ಆದರೂ ಇರಲಿ. ಸೀರಿಯಲ್ ಲೈಟಿನ ವೈರ್ ಹುಲ್ಲಿನ ಮೇಲೆ ಹಾದುಹೋದರೂ ಅದರ ಜೋಡಣೆಗಳು, ಪ್ಲಗ್ ಹುಲ್ಲಿನಿಂದ ಹೊರಗೇ ಇರಬೇಕು. ಶಾಲೆ ಬಿಡುವಾಗ ಸ್ವಿಚ್ ಆರಿಸುವ ಕೆಲಸವನ್ನು ಇಂಥವರದ್ದೇ ಎಂದು ಹೆಸರು ಬರೆದು ಅಂಟಿಸಿ.

ಬಾಲಯೇಸುವನ್ನು ಕ್ರಿಸ್ಮಸ್ ಈವ್ ತನಕ ಮೇವಿನ ತೊಟ್ಟಿಯಲ್ಲಿ ಮಲಗಿಸುವುದಿಲ್ಲ, ತೊಟ್ಟಿ ಖಾಲಿಯೇ ಇರುತ್ತದೆ. ಶಾಲೆಗೆ ಅಷ್ಟರಲ್ಲಿ ರಜೆ ಬಿದ್ದಿರುತ್ತದೆ ಎಂಬುದು ತೊಡಕು. ಕಾರ್ಯಕ್ರಮದ ಕೊನೆಗೆ ಮಕ್ಕಳ ಕೈಯಿಂದಲೇ ಇಡಿಸುವುದು ನನಗೆ ಸರಿ ಕಾಣುತ್ತದೆ. ಬಾಲಯೇಸುವನ್ನು ಕಾಣಲು ದೂರದಿಂದ ಬಂದ ಮೂವರು ಜ್ಞಾನಿಗಳ ಬೊಂಬೆಗಳನ್ನು ಮಾತ್ರ ದೂರದ ಮೂಲೆಯಲ್ಲಿಡಿ. ಅವರ ಹಬ್ಬ ಜನವರಿ 6ಕ್ಕೆ. ರಜೆ ಮುಗಿಸಿ ಬಂದ ಮಕ್ಕಳು ದಿನಕ್ಕಿಷ್ಟು ಮುಂದೆ ಸರಿಸಲಿ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಜೀವಂತ ಎತ್ತು, ಕತ್ತೆ, ಹುಲ್ಲು ಇಟ್ಟು ಗೋದಲಿ ತೋರಿಸಿದ್ದು ಕಥೆ ಕಣ್ಣಿಗೆ ಕಾಣಲಿ ಎಂದು. ಕಥೆಯನ್ನು ಸರಿಯಾದ ಕ್ರಮದಲ್ಲಿ ಕಾಣಿಸುವುದು ಅದಕ್ಕೇ ಮುಖ್ಯ.

ಕಡಲಬದಿ ಟೀಚರ್

ಇಬ್ಬರಿಗೂ ಧನ್ಯವಾದ. ತ್ರಿಜ್ಯ ಸರ್, ಬಿದಿರು ಸಾಕಷ್ಟು ಸಿಗದಿದ್ದರೆ? ಪ್ರತಿ ಮಗುವೂ ಮನೆಗೊಂದು ಒಯ್ಯುವಂತೆ ಸಣ್ಣದು ಮಾಡಬಹುದೇ?

ತ್ರಿಜ್ಯ

ಸಣ್ಣದಕ್ಕೆ ತೆಂಗಿನ ಗರಿಯ ಕಡ್ಡಿ ಸಾಕು, ಮೂರು ಮೂರು ಸೇರಿಸಿ ಸುತ್ತಿ. ಅಳತೆಯೆಲ್ಲ ಅರ್ಧ: 31 ಸೆಂ.ಮೀ. ಕಡ್ಡಿ, ತುದಿಯಿಂದ 12ಕ್ಕೆ ಗುರುತು, ಗಿಡ್ಡ ಕಡ್ಡಿ 7. ಅಳತೆ ಅರ್ಧವಾದಾಗ ಕಾಗದ ಅರ್ಧವಲ್ಲ, ಕಾಲು ಭಾಗ ಸಾಕಾಗುತ್ತದೆ. ಏಕೆ ಎಂದು ಮಕ್ಕಳನ್ನೇ ಕೇಳಿ. ಇದರೊಳಗೆ ಬಲ್ಬ್ ಬೇಡ, ಸೆಲ್ ಹಾಕುವ ಸಣ್ಣ ಎಲ್‌ಇಡಿ ಸರ ಹಾಕಿ.

ಮಂದ್ರ

ಕ್ಯಾರಲ್ ಬಗ್ಗೆ. ನಾಲ್ಕು ಹಾಡಿಗಿಂತ ಹೆಚ್ಚು ಬೇಡ. ಕನ್ನಡ ಎರಡು, ಕೊಂಕಣಿ ಒಂದು, ತುಳು ಅಥವಾ ಇಂಗ್ಲಿಷ್ ಒಂದು. 8, 9ರ ಹುಡುಗರ ದನಿ ಒಡೆಯುವ ವಯಸ್ಸು. ಮೇಲಿನ ಸ್ವರಕ್ಕೆ ಒತ್ತಾಯಿಸಿದರೆ ಗಂಟಲು ಕಟ್ಟುತ್ತದೆ, ಮಕ್ಕಳು ನಾಚಿ ಬಾಯೇ ಮುಚ್ಚುತ್ತಾರೆ. ಅಂಥವರಿಗೆ ಒಂದು ಸ್ಥಾಯಿ ಕೆಳಗೆ ಹಾಡಲು ಹೇಳಿ, ಉಳಿದವರಿಗೆ ಕಷ್ಟವಾದರೆ ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯಿಂದ ಎರಡು ಮನೆ ಇಳಿಸಿ. ಮೈಕನ್ನು ಮುಂದಿನ ಹಾಡುಗಾರ್ತಿಯ ಕೈಗೆ ಕೊಟ್ಟರೆ ಅವಳೊಬ್ಬಳದೇ ದನಿ ಕೇಳುತ್ತದೆ. ಸ್ಟ್ಯಾಂಡಿನ ಮೇಲೆ ಎರಡು ಮೈಕ್, ಮೊದಲ ಸಾಲಿನಿಂದ ಐದಾರು ಅಡಿ ದೂರ.

ತರಗತಿಯಿಂದ ತರಗತಿಗೆ ಸಾಲಾಗಿ ನಡೆಯುತ್ತ ಹಾಡಿಸುವುದಾದರೆ ಹಿಂದಿನವರ ತಾಳ ತಪ್ಪುತ್ತದೆ, ಅದು ಅವರ ಅಜಾಗ್ರತೆಯಲ್ಲ. ಸಾಲು 30 ಮೀಟರ್ ಇದ್ದು, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ, ಮುಂದಿನ ಡ್ರಮ್ ಹಿಂದಿನವರಿಗೆ 0.09 ಸೆಕೆಂಡ್ ತಡವಾಗಿ ಕೇಳುತ್ತದೆ. ವೇಗದ ಹಾಡಿಗೆ ಅಷ್ಟು ಸಾಕು. 9ನೇ ತರಗತಿಯ ಶಬ್ದದ ಪಾಠಕ್ಕೆ ಲೆಕ್ಕವೂ ಸಿಕ್ಕಿತು. ನಡೆಯುವಾಗ ಬರೀ ಡ್ರಮ್, ನಿಂತ ಮೇಲೆ ಅರ್ಧ ವೃತ್ತದಲ್ಲಿ ಹಾಡು.

ಪಡಸಾಲೆ

ತಿಂಡಿಯ ವಿಷಯ ಯಾರೂ ಹೇಳಲಿಲ್ಲ. 1 ಕಿಲೋ ಪ್ಲಮ್ ಕೇಕಿನಲ್ಲಿ 40 ಗ್ರಾಮಿನ 25 ತುಂಡು ಬರುತ್ತದೆ, ಹಾಗಾಗಿ 70 ಮಕ್ಕಳಿಗೆ 3 ಕಿಲೋ. ಬೇಕರಿಗೆ ಹೇಳುವಾಗ ಹಣ್ಣು ರಮ್ಮಿನಲ್ಲಿ ನೆನೆಸಿದ್ದು ಬೇಡ, ಕಿತ್ತಳೆ ರಸದಲ್ಲಿ ನೆನೆಸಿದ್ದು ಬೇಕು ಎಂದು ಚೀಟಿಯಲ್ಲೇ ಬರೆಸಿ. ಮುಸ್ಲಿಂ ಮಕ್ಕಳು ಹಿಂಜರಿಯದೆ ತಿನ್ನಬಹುದು. ಮೊಟ್ಟೆ ತಿನ್ನದ ಮಕ್ಕಳಿಗೆ ಕುಸ್ವಾರ್‌ನಲ್ಲೇ (ಕ್ರಿಸ್ಮಸ್‌ಗೆ ಮನೆಯಲ್ಲಿ ಮಾಡಿ ಹಂಚುವ ತಿಂಡಿಗಳು) ದಾರಿಯಿದೆ: ಚಕ್ಕುಲಿ, ಲಾಡು, ನೆವ್ರಿ. ಕಿಡಿಯೊ ಮತ್ತು ಗುಲಾಬಿ ಅಚ್ಚಿನ ಕೊಕ್ಕಿಸಾಂಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ, ಕೇಳಿಯೇ ತಟ್ಟೆಗೆ ಇಡಿ. ಡಿಸೆಂಬರ್ ಎಂದರೆ ಶಬರಿಮಲೆಗೆ ಮಾಲೆ ಹಾಕುವ ಕಾಲವೂ ಹೌದು. ವ್ರತದಲ್ಲಿರುವ ಹುಡುಗರು ಹೊರಗಿನ ಅಡುಗೆ ತಿನ್ನದಿದ್ದರೆ ಬಾಳೆಹಣ್ಣು, ಕಿತ್ತಳೆ ಇಟ್ಟಿರಿ. ಎಲ್ಲರ ಮುಂದೆ ಬೇರೆ ಕೂರಿಸದೆ, ಅದೇ ಸಾಲಿನಲ್ಲಿ ಕೊಡಿ.

ಇನ್ನೊಂದು ಮಾತು. ನಕ್ಷತ್ರ, ಗೋದಲಿ, ಹಾಡು ಎಲ್ಲರದೂ ಆಗಬಹುದು, ಪ್ರಾರ್ಥನಾವಿಧಿ ಹಾಗಲ್ಲ. ಸಂವಿಧಾನದ 28(3)ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೋ ಆರಾಧನೆಗೋ ಮಗು ಹಾಜರಾಗಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಕ್ಯಾಥೊಲಿಕ್ ಮಕ್ಕಳಿಗೆ ಧರ್ಮಶಿಕ್ಷಣ ನಡೆಯುವ ಹೊತ್ತಿನಲ್ಲೇ ಉಳಿದವರಿಗೆ ಮೌಲ್ಯಶಿಕ್ಷಣ ಇಡುವ ರೂಢಿ ಇರುವುದು ಇದಕ್ಕೇ. ಕಾರ್ಯಕ್ರಮದ ದಿನವೂ ಹಾಗೇ ಮಾಡಿ. ಯೇಸುಜನನದ ರೂಪಕ (ಕಿರುನಾಟಕ) ಆಡಿಸುವುದಾದರೆ ಪಾತ್ರ ವಹಿಸುವ ಮಕ್ಕಳ ಮನೆಗೆ ನವೆಂಬರ್ ಕೊನೆಗೇ ಚೀಟಿ ಕಳಿಸಿ ಸಹಿ ತರಿಸಿಕೊಳ್ಳಿ. ಡಿಸೆಂಬರ್ ಎರಡನೇ ವಾರ ಕಳಿಸಿದರೆ, ಒಪ್ಪದ ಮನೆಯ ಮಗು ಅಷ್ಟು ಹೊತ್ತಿಗೆ ಮಾತು ಬಾಯಿಪಾಠ ಮಾಡಿ ಮುಗಿಸಿರುತ್ತದೆ.

ಬೈಹುಲ್ಲು

ಪಡಸಾಲೆಯವರ ಮಾತು ಸರಿ. ಗೋದಲಿ ಬಿಚ್ಚುವ ಬಗ್ಗೆ ಒಂದು ಸೇರಿಸುತ್ತೇನೆ: ಹುಲ್ಲಿಗೆ ಮಿನುಗುಪುಡಿ, ಹತ್ತಿಯ ಹಿಮ ಉದುರಿಸಬೇಡಿ. ಶುದ್ಧ ಹುಲ್ಲಾದರೆ ಜನವರಿಯಲ್ಲಿ ದನವಿರುವ ಯಾವ ಮನೆಯವರಾದರೂ ಒಯ್ಯುತ್ತಾರೆ, ಟ್ರೇಯ ಸಸಿಗಳೂ ಜೊತೆಗೇ ಹೋಗುತ್ತವೆ. ಬೊಂಬೆಗಳನ್ನು ಒಂದೊಂದಾಗಿ ಹಳೆ ಪೇಪರಿನಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಮಲಗಿಸಿಡಿ. ನಿಲ್ಲಿಸಿಟ್ಟರೆ ಮೊದಲು ಮುರಿಯುವುದು ಕುರಿಗಳ ಕಾಲು.