ಪದ ಬೇಕಿದೆ: ‘ಬ್ರೇನ್’ಗೆ ಕನ್ನಡದಲ್ಲಿ ಏನು? (ಸಂಜೆಯೊಳಗೆ)

> ನಾಳೆ ಕಾಲೇಜಿನ ವಿಜ್ಞಾನ ಮೇಳ. ಸಂಜೆ ಆರಕ್ಕೆ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು. ಭೌತವಿಜ್ಞಾನಿಗಳಾದ ರಾಂಡಲ್ ಮತ್ತು ಸುಂದ್ರಂ 1999ರಲ್ಲಿ ಮುಂದಿಟ್ಟ ಮಾದರಿಯ ಬಗ್ಗೆ: ಕಾಲವೂ ಸೇರಿ ಐದು ಆಯಾಮದ ಜಾಗದಲ್ಲಿ ನಮ್ಮ ಜಗತ್ತು ಒಂದು ಹಾಳೆಯಂತೆ, ಆ ಹಾಳೆಯೇ ‘ಬ್ರೇನ್’. ‘ಬ್ರೇನ್ ಜಗತ್ತು’ ಅಂತ ಹಾಕಲೇ?

ದಯವಿಟ್ಟು ಬೇಡ. ಇಂಗ್ಲಿಷಿನಲ್ಲಿ ಎರಡು ಬ್ರೇನ್‌ಗೂ ಸ್ಪೆಲಿಂಗ್ ಬೇರೆ (brane, brain), ನಮ್ಮ ಲಿಪಿಯಲ್ಲಿ ಎರಡೂ ಒಂದೇ. ಜನ ಮಿದುಳು ನೋಡೋಕೆ ಬರುತ್ತಾರೆ. ಇದು ಮೆಂಬ್ರೇನ್‌ನ ಬಾಲ ಅಷ್ಟೆ. ಹಾವು ಬಿಡುವುದು ಪೊರೆ, ಕಣ್ಣಿಗೆ ಬರುವುದು ಪೊರೆ, ಜೀವಕೋಶದ ಸುತ್ತ ಇರುವುದೂ ಪೊರೆ. ‘ಪೊರೆಜಗತ್ತು’ ಅನ್ನಿ.

> ಪಕಾರ ಹೋಗಿ ಹಕಾರ ಬಂದು ಎಷ್ಟು ಕಾಲವಾಯಿತು! ‘ಹೊರೆ’ ಅನ್ನಬೇಕು. ಗುರುತ್ವ ಅಂದರೂ ಭಾರವೇ, ಹೊಂದುತ್ತದೆ.

ಹೊಂದಲ್ಲ. ನೀವು ಹೇಳುವ ಭಾರದ ಹೊರೆ ‘ಪೊಱು’ವಿನಿಂದ ಬಂದದ್ದು, ಅಲ್ಲಿರುವುದು ಶಕಟರೇಫ, ಅಂದರೆ ಈಗ ಬಳಕೆಯಲ್ಲಿಲ್ಲದ ಹಳಗನ್ನಡದ ಱ. ಪೊರೆಯದು ಬರೀ ರ. ‘ಹೊರೆಜಗತ್ತು’ ಅಂದರೆ ಸೌದೆ ಎಲ್ಲಿ ಅಂತ ಕೇಳ್ತಾರೆ.

> ‘ಗುರುತ್ವ’ ಯಾಕೆ, ಸಂಸ್ಕೃತ ಅಲ್ವಾ? ಅಚ್ಚಗನ್ನಡದ ‘ಸೆಳೆತ’ ಇದೆ.

ಕಾಂತದ್ದೂ ಸೆಳೆತವೇ. ಈ ಮಾದರಿಯ ಜೀವಾಳವೇ ಇಲ್ಲಿದೆ: ಬೆಳಕು, ವಿದ್ಯುತ್ತು, ಕಾಂತಬಲ ಎಲ್ಲ ಪೊರೆಗೆ ಅಂಟಿಕೊಂಡಿರುತ್ತವೆ, ಐದನೆಯ ಆಯಾಮಕ್ಕೆ ಕಾಲಿಡುವುದು ಗುರುತ್ವ ಒಂದೇ. ಎರಡಕ್ಕೂ ಒಂದೇ ಪದ ಹಾಕಿದರೆ ಹೇಳಬೇಕಾದ ಮಾತೇ ಹೋಯಿತು. ಅಲ್ಲದೆ ಗುರು-ಲಘು ಹಾಕಿ ಷಟ್ಪದಿ ಬಿಡಿಸಿದ ನಾವು ‘ಗುರು’ವನ್ನು ಹೊರಗಿನವನು ಅಂತ ಸುಮ್ನೆ ಯಾಕೆ ಓಡಿಸಬೇಕು? ಈ ಜಗಳ ಹೋದ ವರ್ಷವೇ ಸಾಕಾಗಿದೆ.

ಕೇಳಿದವರಿಗೆ ಇನ್ನೊಂದು ಮಾತು. ನಿಮ್ಮ ಕರಡಿನಲ್ಲಿ ಬ್ರೇನ್‌ನ ಟೆನ್ಷನ್ನಿಗೆ ‘ಒತ್ತಡ’ ಅಂತ ಇದೆ. ಪೇಪರಿನವರು ಹಾಗೆ ಬರೀತಾರೆ ನಿಜ, ಇಲ್ಲಿ ಬರೆದರೆ ಚಿಹ್ನೆಯೇ ತಿರುಗುತ್ತದೆ. ಪೊರೆಯ ಬಿಗಿತ ಧನವಾದರೆ ಅದರ ಒತ್ತಡ ಋಣ. ‘ಬಿಗಿತ’ ಅಂತ ತಿದ್ದಿ. ವಿಶ್ವಸ್ಥಿರಾಂಕ (ಖಾಲಿ ಜಾಗಕ್ಕೇ ಇರುವ ಶಕ್ತಿಯ ಅಳತೆ) ಅಂತ ಬರೀ ಒಂದು ಸಲ ಬರೆದು ಬಿಟ್ಟಿದ್ದೀರಿ, ಯಾವುದರದ್ದು? ಐದು ಆಯಾಮದ್ದು ಋಣ, ಅದನ್ನು ಪೊರೆಯ ಬಿಗಿತ ಸರಿಯಾಗಿ ತೂಗಿ ಹಾಕಿದಾಗ ಪೊರೆಯ ಮೇಲೆ ಉಳಿಯುವುದು ಸೊನ್ನೆ. ಯಾಕೆ ಅಷ್ಟು ಕರಾರುವಾಕ್ಕಾಗಿ ಹೊಂದಬೇಕು ಅನ್ನುವುದೇ ತಕರಾರು. ಎರಡಕ್ಕೂ ಒಂದೇ ಹೆಸರು ಬೇಡ, ‘ಪೊರೆಯ ಸ್ಥಿರಾಂಕ’, ‘ಬಲ್ಕ್‌ನ ಸ್ಥಿರಾಂಕ’ ಅನ್ನಿ.

ಹೌದು, ಬಲ್ಕ್ ಅಂದೆ, ಅಂದರೆ ಪೊರೆ ಇರುವ ಐದು ಆಯಾಮದ ಇಡೀ ಜಾಗ. ಅದಕ್ಕೆ ಒಳ್ಳೆಯ ಪದ ನನಗಿನ್ನೂ ಹೊಳೆದಿಲ್ಲ. ‘ಸಗಟು’ ಅಂತ ಯಾರಾದರೂ ಬರೆದರೆ ನಾನು ಉತ್ತರ ಕೊಡಲ್ಲ.