ಸಹಾಯ ಬೇಕು: ಬೈಕ್ ಎಂಜಿನ್ ಕಾರಿನ ಆಯಿಲ್ ಸಂಪ್ ಕೆಲಸಕ್ಕೆ ಹುಬ್ಬಳ್ಳಿಯಲ್ಲಿ ಅಲ್ಯೂಮಿನಿಯಂ ವೆಲ್ಡರ್

ಎಲ್ಲರಿಗೂ ನಮಸ್ಕಾರ. ಸುಜುಕಿ ಹಯಾಬುಸ ಬೈಕಿನ 1340 ಸಿಸಿ ಎಂಜಿನ್ ಕೂರಿಸಿದ ಎರಡು ಸೀಟಿನ ಕಿಟ್ ಕಾರೊಂದು (ಬಿಡಿಭಾಗಗಳಿಂದ ಜೋಡಿಸಿದ ಕಾರು) ನನ್ನಲ್ಲಿದೆ. ನೋಂದಣಿಯಿಲ್ಲದ ಕಾರಣ ಅದನ್ನು ರಸ್ತೆಗೆ ಇಳಿಸದೆ, ಲಾರಿಯ ಮೇಲೆ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೆ ಒಯ್ದು ಓಡಿಸುತ್ತೇನೆ.

ಬೈಕು ತಿರುವಿನಲ್ಲಿ ಒಳಕ್ಕೆ ವಾಲುವುದರಿಂದ ಅದರ ಆಯಿಲ್, ಸಂಪಿನ (ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿಯ) ತಳದಲ್ಲಿಯೇ ಉಳಿಯುತ್ತದೆ. ಕಾರು ಹಾಗೆ ವಾಲುವುದಿಲ್ಲವಾದ್ದರಿಂದ ಉದ್ದನೆಯ ತಿರುವುಗಳಲ್ಲಿ ಆಯಿಲ್ ಒಂದು ಬದಿಗೆ ಸರಿದು, ಪಂಪು ಗಾಳಿಯನ್ನು ಹೀರತೊಡಗುತ್ತದೆ. ಆಗ ಆಯಿಲ್ ಪ್ರೆಶರಿನ ಕೆಂಪು ದೀಪ ಮಿನುಗಿ, ಕಾರು ನೇರವಾದೊಡನೆ ಆರುತ್ತದೆ. ಇದನ್ನು ಕಡೆಗಣಿಸಿದರೆ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಉಳಿಯುವುದಿಲ್ಲ. ಆಯಿಲ್ ಹೆಚ್ಚಿಗೆ ತುಂಬಿಸಿದರೆ ಸಾಕೆಂದು ಕೆಲವರು ಹೇಳಿದ್ದಾರೆ. ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡಕ್ಕೆ ಸಿಕ್ಕು ಅದು ನೊರೆಯಾಗುವುದರಿಂದ ಆ ಸಲಹೆ ನನಗೆ ಒಪ್ಪಿಗೆಯಿಲ್ಲ.

ಆದ್ದರಿಂದ ಸಂಪಿನೊಳಗೆ, ಆಯಿಲ್ ಪಂಪಿನ ಕಡೆಗೆ ಬರುವಾಗ ತೆರೆದು ಹಿಂದಕ್ಕೆ ಹೋಗುವಾಗ ಮುಚ್ಚಿಕೊಳ್ಳುವ ಪುಟ್ಟ ಬಾಗಿಲುಗಳಿರುವ ತಡೆತಗಡುಗಳನ್ನು ಕೂರಿಸಬೇಕೆಂದಿದ್ದೇನೆ. ತೆಳುವಾದ ಅಲ್ಯೂಮಿನಿಯಂ ಎರಕಕ್ಕೆ, ಗ್ಯಾಸ್ಕೆಟ್ ಕೂರುವ ಅಂಚು ಸೊಟ್ಟಗಾಗದಂತೆ ಟಿಗ್ ವೆಲ್ಡಿಂಗ್ (ಅನಿಲದ ರಕ್ಷಣೆಯಲ್ಲಿ ಟಂಗ್‌ಸ್ಟನ್ ಕಡ್ಡಿಯಿಂದ ಮಾಡುವ ಬೆಸುಗೆ) ಮಾಡಬಲ್ಲವರು ಗೋಕುಲ ರಸ್ತೆಯಲ್ಲಾಗಲಿ ತಾರಿಹಾಳದಲ್ಲಾಗಲಿ ಇದ್ದರೆ ದಯವಿಟ್ಟು ತಿಳಿಸಿ. ಕೆಲಸ ಅಚ್ಚುಕಟ್ಟಾಗಿದ್ದರೆ ಕೂಲಿಯ ವಿಷಯದಲ್ಲಿ ಚೌಕಾಸಿ ಮಾಡುವುದಿಲ್ಲ.

ಬೈಕಿನ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಇಲ್ಲದಿರುವುದರಿಂದ ಸದ್ಯಕ್ಕೆ ಕಾರನ್ನು ಹಿಂದಕ್ಕೆ ಕೈಯಿಂದಲೇ ತಳ್ಳುತ್ತಿದ್ದೇವೆ. ವಿದ್ಯುತ್ ಮೋಟರಿನಿಂದ ರಿವರ್ಸ್ ಅಳವಡಿಸಿದ ಅನುಭವವಿರುವವರು ಅದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.