ಕಡಲತೀರದಲ್ಲಿ ಮನೆ, ಕಾಂಟ್ರಾಕ್ಟ್ ಐಟಿ ಕೆಲಸ: ಎಲ್ಲಿಂದ ಶುರು ಮಾಡೋದು?

ಕಡಲಂಚು:
ಎಲ್ಲರಿಗೂ ನಮಸ್ಕಾರ. ಕೆಲಸ ಬ್ಯಾಕೆಂಡ್ ಮತ್ತು ಡೇಟಾಬೇಸ್. ವಾಸ ಸಮುದ್ರದ ಪಕ್ಕದ ಸಣ್ಣ ಊರು, ಹತ್ತಿರದ ದೊಡ್ಡ ಊರಿಗೆ ರೈಲಲ್ಲಿ 3 ಗಂಟೆ. ಜಾಬ್ ಸೈಟಿನಲ್ಲಿ ಊರಿನ ಹೆಸರು ಹಾಕಿ ಹುಡುಕಿದರೆ ಒಂದೂ ಬರಲ್ಲ. ‘ರಿಮೋಟ್’ ಅಂತ ಹಾಕಿದರೆ ರಾಶಿ ಬರುತ್ತೆ, ಆದರೆ ಅರ್ಜಿ ಹಾಕಿದ್ದಕ್ಕೆ ಉತ್ತರ ಇಲ್ಲ. 6 ತಿಂಗಳ, ವರ್ಷದ ಕಾಂಟ್ರಾಕ್ಟ್ ಸಿಗಬೇಕಾದರೆ ಏನು ಬದಲಾಯಿಸಬೇಕು? ದಿನದ ರೇಟ್ ಹೇಗೆ ಲೆಕ್ಕ ಹಾಕೋದು? ಇಂಟರ್ನೆಟ್ ಬಗ್ಗೆಯೂ ಹೇಳಿ, ಗಾಳಿಮಳೆ ಬಂದಾಗ ಲೈನ್ ಹೋಗೋದು ಇಲ್ಲಿ ಮಾಮೂಲು.

ದಿನಗೂಲಿ ಕೋಡರ್:
ಉತ್ತರ ಬರದೇ ಇರೋದಕ್ಕೆ ನಿಮ್ಮ ಅನುಭವ ಕಾರಣ ಅಲ್ಲ, ಪ್ರೊಫೈಲಿನ ‘ಸ್ಥಳ’ ಅನ್ನೋ ಕಾಲಂ ಕಾರಣ. ರಿಕ್ರೂಟರ್‌ಗಳು (ಕಂಪನಿಗಳಿಗೆ ಜನ ಹುಡುಕಿಕೊಡೋ ಏಜೆನ್ಸಿಯವರು) ಹುಡುಕೋದು ಒಂದು ಊರು ಇಟ್ಟುಕೊಂಡು, ಅದರ ಸುತ್ತ ಇಷ್ಟು ಕಿಲೋಮೀಟರ್ ಅಂತ. ರಿಮೋಟ್ ಕೆಲಸಕ್ಕೂ ಅನೇಕರು ಇದೇ ಫಿಲ್ಟರ್ ಹಾಕ್ತಾರೆ, ಯಾಕೆಂದರೆ ಕ್ಲೈಂಟ್ ‘ಆಗಾಗ ಆಫೀಸಿಗೆ ಬರಬೇಕಾಗಬಹುದು’ ಅಂತ ಒಂದು ಬಾಲ ಸೇರಿಸಿರುತ್ತಾನೆ. ಹಾಗಾಗಿ ಪ್ರೊಫೈಲಿನ ಹುಡುಕಾಟದ ಕಾಲಂನಲ್ಲಿ ಆ ದೊಡ್ಡ ಊರನ್ನೇ ಹಾಕಿ. ಆದರೆ ಸಿವಿಯ ಮೊದಲ ಎರಡು ಸಾಲಿನೊಳಗೆ ನಿಜ ಬರೆದುಬಿಡಿ: ‘ರಿಮೋಟ್, ತಿಂಗಳಿಗೆ 2 ದಿನ ಆಫೀಸಿಗೆ ಬರಬಲ್ಲೆ, 1 ವಾರ ಮೊದಲು ತಿಳಿಸಬೇಕು.’ ‘ಅಗತ್ಯವಿದ್ದರೆ ಪ್ರಯಾಣಕ್ಕೆ ಸಿದ್ಧ’ ಅಂತ ಮಾತ್ರ ಬರೀಬೇಡಿ. ಓದೋನಿಗೆ ಅದರಿಂದ ಏನೂ ಗೊತ್ತಾಗಲ್ಲ, ಪಕ್ಕದ ಬೀದಿಯವನ ಸಿವಿ ಎತ್ತಿಕೊಳ್ತಾನೆ.

ಇನ್ನೊಂದು, ಪ್ರೊಫೈಲನ್ನು ವಾರಕ್ಕೊಮ್ಮೆಯಾದರೂ ಒಂದು ಸಾಲು ತಿದ್ದಿ ಉಳಿಸಿ. ಎಷ್ಟೋ ಸೈಟುಗಳು ಇತ್ತೀಚೆಗೆ ತಿದ್ದಿದ ಪ್ರೊಫೈಲನ್ನೇ ಮೇಲೆ ತೋರಿಸುತ್ತವೆ. ‘ಯಾವಾಗಿನಿಂದ ಲಭ್ಯ’ ಅನ್ನೋದಕ್ಕೆ ತಾರೀಕನ್ನೇ ಬರೆಯಿರಿ. ಕಾಂಟ್ರಾಕ್ಟ್ ಜಾಹೀರಾತಿಗೆ ಆಯಸ್ಸು ಕಮ್ಮಿ, ಬೆಳಿಗ್ಗೆ ಬಂದದ್ದಕ್ಕೆ ಸಂಜೆಯೊಳಗೆ ನಾಲ್ಕೈದು ಸಿವಿ ಆರಿಸಿ ಬಾಗಿಲು ಹಾಕಿರ್ತಾರೆ. ರಾತ್ರಿ ಕೂತು 40 ಅರ್ಜಿ ಹಾಕೋದಕ್ಕಿಂತ ಅಲರ್ಟ್ ಬಂದ ಗಂಟೆಯೊಳಗೆ 3 ಅರ್ಜಿ ಹಾಕಿ ಫೋನ್ ಮಾಡೋದು ಮೇಲು.

ರೇಟ್ ಲೆಕ್ಕ: ವರ್ಷಕ್ಕೆ 52 ವಾರ × 5 = 260 ದಿನ. ಸಾರ್ವಜನಿಕ ರಜೆ 10, ಸ್ವಂತ ರಜೆ 20, ಹುಷಾರಿಲ್ಲದ ದಿನ 5, ಎರಡು ಕಾಂಟ್ರಾಕ್ಟ್ ನಡುವಿನ ಖಾಲಿ ದಿನ 45 ಕಳೆಯಿರಿ. ಉಳಿಯೋದು 180. ನಿಮಗೆ ವರ್ಷಕ್ಕೆ ಬೇಕಾದ ಮೊತ್ತಕ್ಕೆ ತೆರಿಗೆ, ವಿಮೆ, ಲೆಕ್ಕಿಗರ ಫೀಸು, ಉಪಕರಣದ ಖರ್ಚು ಕೂಡಿಸಿ 180ರಿಂದ ಭಾಗಿಸಿ. ಸಂಬಳವನ್ನು 260ರಿಂದ ಭಾಗಿಸಿ ರೇಟ್ ಹೇಳಿದರೆ ಆರಂಭದಲ್ಲೇ ಸುಮಾರು ಮೂರನೇ ಒಂದು ಭಾಗ ಬಿಟ್ಟುಕೊಟ್ಟ ಹಾಗೆ. ತಿಂಗಳಿಗೆ 2 ದಿನ ಆಫೀಸು ಅಂದರೆ ಆ ರೈಲು, ರಾತ್ರಿ ವಸತಿ ಯಾರ ಖಾತೆಗೆ ಅನ್ನೋದನ್ನೂ ಈಗಲೇ ಕೇಳಿ. ಬೇರೆಯಾಗಿ ಕೊಡಲ್ಲ ಅಂದರೆ ರೇಟಿನೊಳಗೇ ಸೇರಿಸಿ.

ಪ್ಯಾಕೆಟ್ ಲಾಸ್:
ಇಂಟರ್ನೆಟ್ ಭಾಗ ನಾನು ಹೇಳ್ತೀನಿ. ಎರಡು ಕಂಪನಿಯ ಫೈಬರ್ ಹಾಕಿಸಿದರೆ ನಿಶ್ಚಿಂತೆ ಅಂತ ತುಂಬಾ ಜನ ನಂಬಿದ್ದಾರೆ. ಕರಾವಳಿಯ ಊರಿಗೆ ಬಹುತೇಕ ಒಂದೇ ಮುಖ್ಯ ರಸ್ತೆ ಇರುತ್ತೆ, ಎರಡೂ ಕೇಬಲ್ ಅದೇ ಕಂಬದ ಮೇಲೆ ಇಲ್ಲವೇ ನೆಲದಡಿಯ ಅದೇ ಕೊಳವೆಯಲ್ಲಿ ಬಂದಿರುತ್ತವೆ. ಮರ ಬಿದ್ದರೆ ಎರಡೂ ಒಟ್ಟಿಗೆ ಹೋಗ್ತವೆ. ಎರಡನೆಯದು ರೇಡಿಯೋ ಮೂಲಕವೇ ಬರಲಿ, 4ಜಿ/5ಜಿ ಅಥವಾ ಉಪಗ್ರಹ. ಆದರೆ ಮೊಬೈಲ್ ಟವರಿಗೂ ಕರೆಂಟ್ ಹೋದ ಮೇಲೆ ಬ್ಯಾಟರಿ ಕೆಲವೇ ಗಂಟೆ. ಆ ಟವರಿಗೆ ಬರೋ ಫೈಬರೂ ಅದೇ ರಸ್ತೆಯದಾಗಿರಬಹುದು.

ಉಪಗ್ರಹ ಅಂದರೆ ಎಲ್ಲವೂ ಒಂದೇ ಅಲ್ಲ. ಭೂಸ್ಥಿರ ಉಪಗ್ರಹ 35,786 ಕಿ.ಮೀ. ಮೇಲಿರೋದರಿಂದ ಪಿಂಗ್ (ಸಂದೇಶ ಹೋಗಿ ಉತ್ತರ ಬರೋ ಸಮಯ) 600 ಮಿಲಿಸೆಕೆಂಡ್ ಹತ್ತಿರ ಬರುತ್ತೆ, ಮೀಟಿಂಗಿನಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡೋ ಹಾಗಾಗುತ್ತೆ. 550 ಕಿ.ಮೀ. ಆಸುಪಾಸಿನ ಕೆಳಕಕ್ಷೆಯ ಉಪಗ್ರಹಗಳಲ್ಲಿ ಆ ತೊಂದರೆ ಇಲ್ಲ.

ಫೇಲ್‌ಓವರ್ (ಒಂದು ಲೈನ್ ಹೋದರೆ ತಾನೇ ಇನ್ನೊಂದಕ್ಕೆ ಬದಲಾಗೋದು) ಇರೋ ಡ್ಯುಯಲ್ ವ್ಯಾನ್ (ಎರಡು ಇಂಟರ್ನೆಟ್ ಲೈನಿನ) ರೂಟರ್ ತಗೊಂಡರೆ, ‘ಲಿಂಕ್ ಇದೆಯಾ’ ಅನ್ನೋ ಪರೀಕ್ಷೆಗೆ ಹೊರಗಿನ ಐಪಿ ವಿಳಾಸವನ್ನು ಪಿಂಗ್ ಮಾಡೋ ಹಾಗೆ ಹೊಂದಿಸಿ. ಇಲ್ಲದಿದ್ದರೆ ಮನೆಯ ಫೈಬರ್ ಪೆಟ್ಟಿಗೆಗೆ ತಂತಿ ಸಿಕ್ಕಿದೆ ಅಂತ ರೂಟರ್ ಸುಮ್ಮನೆ ಕೂರುತ್ತೆ, ಆಚೆ ರಸ್ತೆಯಲ್ಲಿ ಕೇಬಲ್ ತುಂಡಾಗಿರುತ್ತೆ. ಲೈನ್ ಬದಲಾದಾಗ ಪಬ್ಲಿಕ್ ಐಪಿಯೂ (ಹೊರಗಿನವರಿಗೆ ಕಾಣೋ ನಿಮ್ಮ ಇಂಟರ್ನೆಟ್ ವಿಳಾಸ) ಬದಲಾಗುತ್ತೆ. ಕ್ಲೈಂಟ್ ಕಡೆ ಐಪಿ ವೈಟ್‌ಲಿಸ್ಟ್ (ಗೊತ್ತುಮಾಡಿದ ವಿಳಾಸಗಳಿಗೆ ಮಾತ್ರ ಪ್ರವೇಶ) ಇದ್ದರೆ ಇಂಟರ್ನೆಟ್ ಇದ್ದೂ ಕೆಲಸ ನಿಲ್ಲುತ್ತೆ. ಎರಡೂ ಲೈನಿನಿಂದ ಒಂದೇ ವಿಪಿಎನ್ (ಕ್ಲೈಂಟಿನ ಜಾಲಕ್ಕೆ ಹೋಗೋ ಸುರಕ್ಷಿತ ದಾರಿ) ಮೂಲಕ ಹೋಗುವ ವ್ಯವಸ್ಥೆಯನ್ನು ಮೊದಲ ವಾರವೇ ಅವರ ಸೆಕ್ಯುರಿಟಿ ತಂಡದ ಹತ್ತಿರ ಕೇಳಿ ಮಾಡಿಸಿಕೊಳ್ಳಿ.

ಕರೆಂಟ್: ರೂಟರ್ ಮತ್ತು ಫೈಬರ್ ಪೆಟ್ಟಿಗೆ ಸೇರಿ ಸುಮಾರು 18 ವ್ಯಾಟ್ ಅಂದುಕೊಳ್ಳಿ. 4 ಗಂಟೆಗೆ 72 ವ್ಯಾಟ್-ಅವರ್, ನಷ್ಟ ಸೇರಿ 100 ವ್ಯಾಟ್-ಅವರ್ ಬ್ಯಾಟರಿ ಬೇಕು. 12 ವೋಲ್ಟಿನ ಡಿಸಿ ಯುಪಿಎಸ್ ಆದರೆ ಸಾಕು, ಪ್ಲಗ್ಗಿನ ಅಳತೆ ಮತ್ತು ಪೋಲಾರಿಟಿ (ಪ್ಲಸ್-ಮೈನಸ್ ಯಾವ ಕಡೆ ಅನ್ನೋದು) ಹೊಂದುತ್ತಾ ನೋಡಿಕೊಳ್ಳಿ.

ಉಪ್ಪುಗಾಳಿ:
ಉಪ್ಪಿನ ವಿಷಯ ಯಾರೂ ಎತ್ತಲಿಲ್ಲ. ಗಾಳಿಯ ತೇವ ಶೇ 75 ದಾಟಿದರೆ ಧೂಳಿನ ಜೊತೆ ಕೂತ ಅಡುಗೆ ಉಪ್ಪು ನೀರು ಹೀರಿ ಕರಗುತ್ತೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರೋದರಿಂದ ಅದು ಇನ್ನೂ ಕಡಿಮೆ ತೇವದಲ್ಲೇ ಒದ್ದೆಯಾಗುತ್ತೆ. ಆ ಒದ್ದೆಪದರದ ಮೇಲೆ ವಿದ್ಯುತ್ ಹರಿದರೆ ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆ ಹಸಿರಾಗಿ ತಿನ್ನಿಸಿಕೊಳ್ಳುತ್ತೆ. ಮೊದಲು ಕೆಡೋದು ಲ್ಯಾಪ್‌ಟಾಪಿನ ಫ್ಯಾನ್ ಅಂಚು, ಯುಎಸ್‌ಬಿ ಪೋರ್ಟ್, ನೆಟ್‌ವರ್ಕ್ ಕೇಬಲ್ಲಿನ ತುದಿ. ಗಿಗಾಬಿಟ್ ಲೈನ್ ಇದ್ದಕ್ಕಿದ್ದ ಹಾಗೆ 100 ಮೆಗಾಬಿಟ್‌ಗೆ ಇಳಿದರೆ ಕಂಪನಿಗೆ ದೂರು ಕೊಡೋ ಮುಂಚೆ ಆ ಪ್ಲಗ್ ಕಿತ್ತು ಬೆಳಕಿಗೆ ಹಿಡಿದು ನೋಡಿ. ಗಿಗಾಬಿಟ್‌ಗೆ 8 ತಂತಿಯೂ ಬೇಕು, 100ಕ್ಕೆ 4 ಸಾಕು. ಒಂದು ಪಿನ್ ಕಪ್ಪಾದರೂ ವೇಗ ಇಳಿಯಬಹುದು.

ಕೆಲಸದ ಕೋಣೆಯ ಕಿಟಕಿ ಸಮುದ್ರದ ಕಡೆ ತೆರೆದಿಡಬೇಡಿ (ಮೇಜು ಅಲ್ಲೇ ಹಾಕಬೇಕು ಅನ್ನೋ ಆಸೆ ಎಲ್ಲರಿಗೂ ಇರುತ್ತೆ, ಗೊತ್ತು). ತೇವಮಾಪಕ ಇಟ್ಟು ಶೇ 60ರ ಕೆಳಗಿರೋ ಹಾಗೆ ನೋಡಿಕೊಳ್ಳಿ. ಹೊರಗಿನ ಆಂಟೆನಾಕ್ಕೆ 304 ಅಲ್ಲ, ಉಪ್ಪನ್ನು ಹೆಚ್ಚು ತಡೆಯೋ 316 ದರ್ಜೆಯ ಸ್ಟೀಲ್ ಬೋಲ್ಟು. ಲ್ಯಾಪ್‌ಟಾಪ್ ಕ್ಲೈಂಟಿನದಾದರೆ ಕೆಟ್ಟಾಗ ಬದಲಿ ಬರೋವರೆಗಿನ ದಿನಗಳಿಗೆ ಬಿಲ್ ಮಾಡಬಹುದಾ ಅಂತ ಒಪ್ಪಂದದಲ್ಲೇ ಬರೆಸಿ.

ಕಡಲಂಚು:
ತುಂಬಾ ಉಪಕಾರ ಆಯ್ತು ಎಲ್ಲರಿಂದ. ಒಂದೇ ಕೆಲಸಕ್ಕೆ ಎರಡು ಏಜೆನ್ಸಿಯವರು ಫೋನ್ ಮಾಡ್ತಾರೆ, ಇಬ್ಬರಿಗೂ ಹೂಂ ಅನ್ನಬಹುದಾ? ಒಪ್ಪಂದದಲ್ಲಿ ಬೇರೆ ಏನು ನೋಡಬೇಕು?

ದಿನಗೂಲಿ ಕೋಡರ್:
ಅನ್ನಲೇಬೇಡಿ. ಒಂದೇ ಸಿವಿ ಎರಡು ಕಡೆಯಿಂದ ಬಂದರೆ ಕಮಿಷನ್ ಜಗಳ ಯಾರಿಗೆ ಬೇಕು ಅಂತ ಕ್ಲೈಂಟ್ ಸಿವಿಯನ್ನೇ ಪಕ್ಕಕ್ಕಿಡ್ತಾನೆ. ಕ್ಲೈಂಟ್ ಹೆಸರು ಹೇಳದ ಏಜೆಂಟನಿಗೆ ‘ಹೆಸರು ತಿಳಿಸಿದ ಮೇಲೆ, ಇಮೇಲಿನಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಮಾತ್ರ ಸಿವಿ ಕಳಿಸಿ’ ಅಂತ ಬರೆದು ಹೇಳಿ. ಯಾವ ಏಜೆನ್ಸಿ, ಯಾವ ಕ್ಲೈಂಟ್, ಯಾವ ತಾರೀಕು ಅಂತ ಒಂದು ಶೀಟಿನಲ್ಲಿ ಗುರುತು ಹಾಕಿಕೊಳ್ಳಿ.

ಒಪ್ಪಂದದಲ್ಲಿ ಮೊದಲು ಹಣ ಯಾವಾಗ ಅನ್ನೋದು. ‘ನೆಟ್ 30’ (ಬಿಲ್ ಆದ 30 ದಿನಕ್ಕೆ ಪಾವತಿ) ಅಂದರೆ ತಿಂಗಳಿಗೆ ದುಡ್ಡು ಬರುತ್ತೆ ಅಂತಲ್ಲ. 1ನೇ ತಾರೀಕಿನ ಕೆಲಸಕ್ಕೆ ತಿಂಗಳ ಕೊನೆಗೆ ಬಿಲ್, ಟೈಮ್‌ಶೀಟ್ ಸಹಿಗೆ 5 ದಿನ, ಆಮೇಲೆ 30. ಮೊದಲ ದಿನದ ಕೂಲಿ ಕೈಗೆ ಬರೋದು 65ನೇ ದಿನ. 3 ತಿಂಗಳ ಖರ್ಚು ಕೈಯಲ್ಲಿರಲಿ. ‘ಕ್ಲೈಂಟ್ ಕೊಟ್ಟ ಮೇಲೆ ನಿಮಗೆ’ ಅನ್ನೋ ಷರತ್ತಿದ್ದರೆ ತೆಗೆಸಿ, ಕ್ಲೈಂಟಿನ ಜೊತೆ ಒಪ್ಪಂದ ಇರೋದು ಏಜೆನ್ಸಿಗೆ, ನಿಮಗಲ್ಲ. ನೋಟಿಸ್ ಅವಧಿ ಎರಡೂ ಕಡೆ ಸಮ ಇರಲಿ. ಅವರಿಗೆ ಒಂದು ದಿನ, ನಿಮಗೆ ಒಂದು ತಿಂಗಳು ಅಂತ ಬರೆದಿರೋದು ಬೇಕಾದಷ್ಟಿದೆ. ಹೊಣೆಗಾರಿಕೆಗೆ ಮೇಲ್ಮಿತಿ ಇರಬೇಕು, ಒಪ್ಪಂದದ ಒಟ್ಟು ಮೊತ್ತದವರೆಗೆ ಅನ್ನೋದು ಕೇಳಬಹುದಾದ ಮಾತು. ಆಮೇಲೆ ‘ಕೆಲಸದ ಸ್ಥಳ’ ಅನ್ನೋ ಸಾಲು. ಫೋನಿನಲ್ಲಿ ರಿಮೋಟ್ ಅಂದವರ ಕಾಗದದಲ್ಲಿ ಆಫೀಸಿನ ವಿಳಾಸ ಇರುತ್ತೆ. ಅಲ್ಲಿ ನಿಮ್ಮ ಮನೆ ವಿಳಾಸ, ತಿಂಗಳಿಗೆ ಗರಿಷ್ಠ 2 ದಿನ ಅನ್ನೋ ಸಂಖ್ಯೆ ಬರೋವರೆಗೆ ಸಹಿ ಹಾಕಬೇಡಿ.